ಹಿಮದ ಹಾದಿಯನ್ನು ಹದಗೊಳಿಸುವವರು

ಬಾನುಲಿ ಕೇಳುಗರಿಗೆ ನಮಸ್ಕಾರ.

ಸಂಕ್ರಾಂತಿ ಕಳೆಯುವಷ್ಟರಲ್ಲೇ ಮಧ್ಯಾಹ್ನದ ಬಿಸಿಲು ಚುರುಗುಟ್ಟತೊಡಗುವ ರಾಯಚೂರು ಸೀಮೆಯಲ್ಲಿ ಕುಳಿತು ಹಿಮದ ಮಾತನಾಡುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ನಾನು ಹೇಳಹೊರಟಿರುವುದು ಆಟದ ವಿಷಯಕ್ಕಿಂತ ಹೆಚ್ಚಾಗಿ ಆ ಆಟಕ್ಕೆ ಬೇಕಾದ ದಾರಿಯನ್ನು ಸಿದ್ಧಪಡಿಸುವವರ ವಿಷಯ.

ಕ್ರಾಸ್ ಕಂಟ್ರಿ ಸ್ಕೀಯಿಂಗ್ ಎಂದರೆ ಬೆಟ್ಟದ ತುದಿಯಿಂದ ಜಾರಿ ಇಳಿಯುವ ಕ್ರೀಡೆಯಲ್ಲ. ಕಿರಿದಾದ ಉದ್ದನೆಯ ಹಲಗೆಗಳನ್ನು ಕಾಲಿಗೆ ತೊಟ್ಟು, ಎರಡೂ ಕೈಗಳಿಂದ ಕೋಲು ಊರುತ್ತ, ಏರುತಗ್ಗಿನ ಕಾಡುದಾರಿಯಲ್ಲಿ ಸ್ವಂತ ಬಲದಿಂದಲೇ ಸಾಗಬೇಕು. ನಾರ್ವೆ, ಸ್ವೀಡನ್, ಫಿನ್ಲೆಂಡ್‌ಗಳಲ್ಲಿ ಮಕ್ಕಳಿಂದ ಮುದುಕರವರೆಗೆ ಎಲ್ಲರೂ ಹೀಗೆ ಹೊರಡುತ್ತಾರೆ. ಸ್ವೀಡನ್ನಿನ ಸೇಲೆನ್‌ನಿಂದ ಮೂರಾ ಪಟ್ಟಣದವರೆಗೆ 90 ಕಿಲೋಮೀಟರು ಸಾಗುವ ವಾಸಾಲೋಪೆಟ್ ಓಟ 1922ರಲ್ಲಿ ಆರಂಭವಾಯಿತು. ಗೆದ್ದವರ ಹೆಸರು ಪತ್ರಿಕೆಗಳಲ್ಲಿ ಬರುತ್ತದೆ, ಹಾದಿ ಮಾಡಿದವರದು ಬರುವುದಿಲ್ಲ.

ಹೊಸದಾಗಿ ಬಿದ್ದ ಹಿಮದಲ್ಲಿ ಗಾಳಿಯೇ ಹೆಚ್ಚಾಗಿರುವುದರಿಂದ ಅದು ಭಾರ ತಾಳುವುದಿಲ್ಲ. ಅಗಲವಾದ ಪಟ್ಟಿಗಳ ಮೇಲೆ ಚಲಿಸುವ ಸ್ನೋಕ್ಯಾಟ್ ಎಂಬ ಯಂತ್ರವು ಅದನ್ನು ಅದುಮುತ್ತ ಸಾಗುತ್ತದೆ. ಹಿಂಬದಿಯಲ್ಲಿರುವ ಹಲ್ಲುಗಳ ಉರುಳೆಯು ಗಟ್ಟಿ ಹೆಂಟೆಗಳನ್ನು ಪುಡಿಮಾಡಿ ಮೇಲ್ಮೈಯನ್ನು ಸಮಗೊಳಿಸುತ್ತದೆ. ಕೊನೆಗೆ ಒಂದು ಅಚ್ಚು ಹಲಗೆಗಳು ಕೂರುವಂತೆ ಎರಡು ಸಮಾನಾಂತರ ಜಾಡುಗಳನ್ನು ಕೊರೆಯುತ್ತದೆ. ಕುಂಟೆ ಹೊಡೆದು ನೆಲ ಹಸನು ಮಾಡಿ, ಆಮೇಲೆ ಕೂರಿಗೆಯಿಂದ ಸಾಲು ಹಿಡಿಯುವ ನಮ್ಮ ಒಕ್ಕಲುತನವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಕ್ಕಕ್ಕೆ ತಳ್ಳಿ ತಳ್ಳಿ ಸಾಗುವ ಸ್ಕೇಟಿಂಗ್ ಶೈಲಿಯವರಿಗಾಗಿ ಜಾಡುಗಳಿಲ್ಲದ ಅಗಲ ಪಟ್ಟಿಯೊಂದನ್ನು ಪಕ್ಕದಲ್ಲೇ ಬಿಡುತ್ತಾರೆ. ದೊಡ್ಡ ಯಂತ್ರ ಕೊಳ್ಳಲಾಗದ ಚಿಕ್ಕ ಕ್ಲಬ್ಬುಗಳು ಹಿಮದ ಮೇಲೆ ಓಡುವ ಚಿಕ್ಕ ವಾಹನವಾದ ಸ್ನೋಮೊಬೈಲಿನ ಹಿಂದೆ ಸಲಕರಣೆ ಕಟ್ಟಿ ಎಳೆಸುತ್ತವೆ.

ನಿಜವಾದ ಜಾಣ್ಮೆಯಿರುವುದು ಯಂತ್ರದಲ್ಲಲ್ಲ, ಹೊತ್ತು ಅರಿಯುವುದರಲ್ಲಿ ಎಂಬುದು ನನ್ನ ಅಭಿಪ್ರಾಯ. ಕದಡಿದ ಹಿಮದ ಹರಳುಗಳು ಒಂದಕ್ಕೊಂದು ಬೆಸೆದುಕೊಂಡು ಗಟ್ಟಿಯಾಗಲು ಚಳಿಯಲ್ಲಿ ಕೆಲವು ಗಂಟೆಗಳಾದರೂ ಬೇಕು. ಆದ್ದರಿಂದಲೇ ಈ ಕೆಲಸ ಬಹುಪಾಲು ರಾತ್ರಿ ನಡೆಯುತ್ತದೆ. ಹಗಲು ಕರಗಿದ ಹಿಮ ಇನ್ನೂ ಒದ್ದೆಯಾಗಿರುವಾಗಲೇ ಯಂತ್ರ ಇಳಿಸಿದರೆ ಬೆಳಗಿನ ಹೊತ್ತಿಗೆ ಹಾದಿಯು ಜಾರುವ ಗಾಜಿನಂತಾಗುತ್ತದೆ. ತೀರ ತಡಮಾಡಿದರೆ ಅದು ಗಟ್ಟಿಯಾಗುವ ಮೊದಲೇ ಜನರು ಬಂದು ತುಳಿಯುತ್ತಾರೆ. ಹಲಗೆ ತೊಡದೆ ಬರೀ ಬೂಟಿನಲ್ಲಿ ಯಾರಾದರೂ ನಡೆದುಹೋದರೆ ಆ ಹೆಜ್ಜೆಗುಂಡಿಗಳು ಹೆಪ್ಪುಗಟ್ಟಿ ಮರುದಿನ ಹಲಗೆಗಳನ್ನು ಮುಗ್ಗರಿಸುತ್ತವೆ. ಅನೇಕ ಕಡೆ ನಡೆಯುವವರಿಗೂ ನಾಯಿ ಕರೆತರುವವರಿಗೂ ಬೇರೆ ದಾರಿ ಇಟ್ಟಿರುವುದು ಈ ಕಾರಣಕ್ಕೆ.

ಇಷ್ಟೆಲ್ಲ ದುಡಿಮೆ ಹಿಮ ಬಿದ್ದ ಮೇಲೆ ಮಾತ್ರ ಶುರುವಾಗುವುದಿಲ್ಲ. ಹಿಮಕ್ಕೆ ಮೊದಲೇ ಕ್ಲಬ್ಬುಗಳ ಸದಸ್ಯರು ಸೇರಿ ಬಿದ್ದ ಮರಗಳನ್ನು ಕಡಿದು ಸರಿಸುತ್ತಾರೆ, ಪೊದೆ ಸವರುತ್ತಾರೆ, ನೀರು ಹರಿಯುವ ಕಾಲುವೆಗಳನ್ನು ಬಿಡಿಸುತ್ತಾರೆ. ಚಳಿಗಾಲದಲ್ಲಿ ಅವರಲ್ಲೇ ಕೆಲವರು ಮಕ್ಕಳಿಗೆ ಕಲಿಸುತ್ತಾರೆ, ಇನ್ನು ಕೆಲವರು ಬಿಸಿ ಸೂಪು ಹಂಚುತ್ತಾರೆ. ನಾರ್ವೆಯ ಆಸ್ಲೋ ನಗರದ ಸುತ್ತಲಿನ ಕಾಡುಗಳಲ್ಲಿ ಹಾದಿ ನೋಡಿಕೊಳ್ಳುವ ಸ್ಕೀಫೊರೆನಿಂಗೆನ್ ಸಂಘ 1883ರಷ್ಟು ಹಳೆಯದು. ನಾರ್ವೆಯಲ್ಲಿ ಹಾದಿಗಳಿಗೆ ಸಾಮಾನ್ಯವಾಗಿ ಶುಲ್ಕವಿಲ್ಲ. ಅಮೆರಿಕದ ಅನೇಕ ಕ್ಲಬ್ಬುಗಳು ಪಾಸು ಮಾರಿ ಅಥವಾ ದೇಣಿಗೆ ಕೂಡಿಸಿ ಡೀಸೆಲ್ಲಿಗೆ ಹಣ ಹೊಂದಿಸುತ್ತವೆ. ಟೀಕೆಗೆ ಮಾತ್ರ ಎಲ್ಲಿಯೂ ಶುಲ್ಕವಿಲ್ಲವೆಂದು ಕಾಣುತ್ತದೆ.

ಹಿಮವೇ ಕೈಕೊಟ್ಟರೆ ಯಾವ ಜಾಣ್ಮೆಯೂ ಸಾಲದು. ಹಿಮದ ಕೊರತೆಯಿಂದ ವಾಸಾಲೋಪೆಟ್ 1932, 1934 ಮತ್ತು 1990ರಲ್ಲಿ ನಡೆಯಲೇ ಇಲ್ಲ. ಈಗ ಸ್ವೀಡನ್ನಿನ ಒಸ್ಟರ್‌ಸುಂಡ್, ಸ್ವಿಟ್ಜರ್ಲೆಂಡಿನ ದಾವೋಸ್‌ನಂಥ ಊರುಗಳಲ್ಲಿ ಒಂದು ವರ್ಷದ ಹಿಮವನ್ನು ಗುಡ್ಡೆ ಹಾಕಿ, ಮರದ ಹೊಟ್ಟು ಹೊದಿಸಿ, ಬೇಸಿಗೆಯುದ್ದಕ್ಕೂ ಕಾಪಾಡಿ, ಮುಂದಿನ ಹಂಗಾಮಿನ ಆರಂಭದಲ್ಲಿ ಹಾದಿಯ ಮೇಲೆ ಹರಡುತ್ತಾರೆ.

ಕನ್ನಡನಾಡಿಗೂ ಈ ಆಟದ ನಂಟು ಇಲ್ಲದಿಲ್ಲ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಪದಕಗಳನ್ನು ಗೆದ್ದಿದ್ದಾರೆ. ಹಿಮವಿಲ್ಲದ ತಿಂಗಳುಗಳಲ್ಲಿ ಈ ಕ್ರೀಡೆಯವರು ಗಾಲಿ ಜೋಡಿಸಿದ ಗಿಡ್ಡ ಹಲಗೆಗಳನ್ನು ತೊಟ್ಟು ಡಾಂಬರು ರಸ್ತೆಯ ಮೇಲೆ ಅಭ್ಯಾಸ ಮಾಡುತ್ತಾರೆ. ನಮ್ಮ ಜಿಲ್ಲೆಯ ಹುಡುಗ ಹುಡುಗಿಯರು ಯಾರಾದರೂ ಮನಸ್ಸು ಮಾಡಿದರೆ ಹಿಮಕ್ಕಾಗಿ ಕಾಯಬೇಕಿಲ್ಲ; ಗುಂಡಿಗಳಿಲ್ಲದ ನಾಲ್ಕಾರು ಕಿಲೋಮೀಟರು ರಸ್ತೆಯನ್ನು ಮಾತ್ರ ಹುಡುಕಿಕೊಳ್ಳಬೇಕು. ನಮಸ್ಕಾರ.