ಕಾವಲು ಕೂರಿಸಿ ಹೊಣೆ ಹೊರಿಸುವುದು

ನಮಸ್ಕಾರ. ತಾನಾಗಿ ಓಡುವ ಕಾರನ್ನು ಎವೆಯಿಕ್ಕದೆ ಕಾಯುತ್ತಾ ಕೂರುವುದು ಕಾರು ಓಡಿಸುವುದಕ್ಕಿಂತ ಕಷ್ಟದ ಕೆಲಸ. ಆ ಕೆಲಸವನ್ನು ಮನುಷ್ಯರಿಗೆ ಕೊಟ್ಟು, ಅವರು ಸೋತ ದಿನ ಅವರನ್ನಷ್ಟೇ ಕಟಕಟೆಗೆ ಹತ್ತಿಸುವುದು ಅನ್ಯಾಯ. ಏಕೆ ಹೀಗೆ ಹೇಳುತ್ತೇನೆ ಎಂಬುದಕ್ಕೆ 2018ರ ಮಾರ್ಚ್ 18ರ ರಾತ್ರಿ ಅಮೆರಿಕದ ಅರಿಜೋನಾ ರಾಜ್ಯದ ಟೆಂಪಿ ನಗರದಲ್ಲಿ ನಡೆದದ್ದನ್ನು ನೋಡಬೇಕು.

ಗಂಟೆ ಹತ್ತಾಗುತ್ತಾ ಬಂದಿತ್ತು. 49 ವರ್ಷದ ಮಹಿಳೆಯೊಬ್ಬರು ಸೈಕಲ್ ತಳ್ಳಿಕೊಂಡು ಅಗಲವಾದ ರಸ್ತೆಯನ್ನು ದಾಟುತ್ತಿದ್ದರು. ಉಬರ್ ಕಂಪನಿ ಪರೀಕ್ಷೆಗೆಂದು ರಸ್ತೆಗಿಳಿಸಿದ್ದ, ತಾನಾಗಿ ಓಡುವ ವೋಲ್ವೋ ಕಾರು ಅವರಿಗೆ ಗುದ್ದಿತು. ಅವರು ಉಳಿಯಲಿಲ್ಲ. ಕಾರನ್ನು ಕಾಯಲು ಕೂತಿದ್ದ ಚಾಲಕಿಯ ಮೊಬೈಲ್‌ನಲ್ಲಿ ಟಿವಿ ಕಾರ್ಯಕ್ರಮವೊಂದು ಓಡುತ್ತಿತ್ತು, ಆಕೆಯ ದೃಷ್ಟಿ ಕೆಳಗಿತ್ತು. ಸುದ್ದಿ ಓದಿದವರೆಲ್ಲ ಅಲ್ಲಿಗೇ ತೀರ್ಪು ಕೊಟ್ಟುಬಿಟ್ಟರು.

ಆದರೆ ಆ ದೇಶದ ಸಾರಿಗೆ ಸುರಕ್ಷತಾ ಮಂಡಳಿ ತನಿಖೆ ನಡೆಸಿ 2019ರಲ್ಲಿ ಕೊಟ್ಟ ವರದಿಯನ್ನು ಓದಿ. ಗುದ್ದುವುದಕ್ಕೆ 5.6 ಸೆಕೆಂಡು ಮೊದಲೇ ಕಾರಿನ ರಾಡಾರ್‌ಗೆ ರಸ್ತೆ ದಾಟುತ್ತಿದ್ದ ಮಹಿಳೆ ಕಂಡಿದ್ದರು. ಗಂಟೆಗೆ 70 ಕಿಲೋಮೀಟರ್ ವೇಗದ ಕಾರನ್ನು ನಿಲ್ಲಿಸಲು ಅದು ಧಾರಾಳ ಸಮಯ. ಅಷ್ಟರಲ್ಲಿ ಕಂಪ್ಯೂಟರ್ ಮಾಡಿದ್ದೇನು? ಒಮ್ಮೆ ವಾಹನ ಎಂದಿತು, ಒಮ್ಮೆ ಬೇರೇನೋ ವಸ್ತು ಎಂದಿತು, ಒಮ್ಮೆ ಸೈಕಲ್ ಎಂದಿತು. ಗುರುತು ಬದಲಾಯಿಸಿದಾಗಲೆಲ್ಲ ಆ ವಸ್ತು ಈವರೆಗೆ ಯಾವ ಕಡೆಯಿಂದ ಬಂತು ಎಂಬ ಲೆಕ್ಕವನ್ನು ಬಿಟ್ಟುಬಿಡುತ್ತಿತ್ತು. ಹಾಗಾಗಿ ಆಕೆ ತನ್ನ ಹಾದಿಗೆ ಅಡ್ಡ ಬರುತ್ತಿದ್ದಾರೆಂದು ಅದಕ್ಕೆ ಸಕಾಲದಲ್ಲಿ ತಿಳಿಯಲೇ ಇಲ್ಲ. ಜೀಬ್ರಾ ಪಟ್ಟಿಯಿಲ್ಲದ ಕಡೆ ಮನುಷ್ಯರು ರಸ್ತೆ ದಾಟಬಹುದೆಂಬ ಯೋಚನೆಯೇ ಆ ತಂತ್ರಾಂಶದಲ್ಲಿ ಇರಲಿಲ್ಲ! ಕೊನೆಗೆ ಅಪಾಯ ಗೊತ್ತಾದಾಗ ಉಳಿದಿದ್ದದ್ದು 1.2 ಸೆಕೆಂಡು. ಸುಳ್ಳು ಎಚ್ಚರಿಕೆಗಳಿಗೆಲ್ಲ ಕಾರು ಗಕ್ಕನೆ ನಿಲ್ಲದಿರಲಿ ಎಂದು ಕಂಪನಿ ಒಂದು ಸೆಕೆಂಡಿನ ತಡೆಯನ್ನು ಬೇರೆ ಇಟ್ಟಿತ್ತು. ವೋಲ್ವೋದ ಸ್ವಂತ ತುರ್ತು ಬ್ರೇಕ್, ಕಂಪ್ಯೂಟರ್ ಓಡಿಸುವಾಗ ಕೆಲಸ ಮಾಡದಂತೆ ಬಂದ್ ಆಗಿತ್ತು.

ಇಷ್ಟು ಲೋಪಗಳ ಹಿಂದೆ ಕೊನೆಯ ಗೋಡೆಯಾಗಿ ನಿಲ್ಲಿಸಿದ್ದು ಒಬ್ಬ ಮನುಷ್ಯಳನ್ನು. ಮೊದಲು ಪ್ರತಿ ಕಾರಿನಲ್ಲೂ ಇಬ್ಬರಿರುತ್ತಿದ್ದರು. ಅಪಘಾತಕ್ಕೆ ಕೆಲವೇ ತಿಂಗಳ ಮೊದಲು ಒಬ್ಬರನ್ನು ಇಳಿಸಲಾಗಿತ್ತು. ಕಾರಿನೊಳಗೆ ಚಾಲಕರತ್ತ ತಿರುಗಿದ ಕ್ಯಾಮೆರಾ ಇತ್ತು. ಆದರೆ ಮೇಲಿನವರು ಅದರ ದೃಶ್ಯಗಳನ್ನು ನೋಡುತ್ತಿದ್ದದ್ದು ಅಪರೂಪ.

ಏನೂ ಆಗದ ಕಡೆ ಏನಾದರೂ ಆದೀತೆಂದು ನೋಡುತ್ತಲೇ ಇರುವ ಶಕ್ತಿ ಮನುಷ್ಯನಿಗೆ ಬಹಳ ಕಡಿಮೆ. ಎರಡನೇ ಮಹಾಯುದ್ಧದ ಕಾಲದಲ್ಲಿ ರಾಡಾರ್ ಪರದೆ ಕಾಯುವವರು ಶತ್ರುವಿನ ಗುರುತುಗಳನ್ನು ಏಕೆ ತಪ್ಪಿಸಿಕೊಳ್ಳುತ್ತಾರೆ ಎಂದು ಬ್ರಿಟನ್ನಿನ ಮನೋವಿಜ್ಞಾನಿ ನಾರ್ಮನ್ ಮ್ಯಾಕ್‌ವರ್ತ್ ಪರೀಕ್ಷಿಸಿದರು. ಗಡಿಯಾರದಂಥ ಫಲಕದಲ್ಲಿ ಮುಳ್ಳು ಹೆಜ್ಜೆ ಹೆಜ್ಜೆಯಾಗಿ ಚಲಿಸುತ್ತದೆ. ಅಪರೂಪಕ್ಕೊಮ್ಮೆ ಎರಡು ಹೆಜ್ಜೆ ಒಟ್ಟಿಗೆ ಹಾರುತ್ತದೆ. ಹಾರಿದ್ದನ್ನು ಕಂಡಾಗ ಗುಂಡಿ ಒತ್ತಬೇಕು. ಮೊದಲ ಅರ್ಧ ಗಂಟೆ ಕಳೆಯುವಷ್ಟರಲ್ಲೇ ತಪ್ಪುಗಳು ಹೆಚ್ಚಿದವು. 1948ರಲ್ಲಿ ಪ್ರಕಟವಾದ ಈ ಫಲಿತಾಂಶ ಕಾರು ಕಂಪನಿಗಳಿಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು.

ಚಾಲಕಿಯ ತಪ್ಪಿಲ್ಲ ಎಂದು ನಾನು ಹೇಳುತ್ತಿಲ್ಲ. ಆಕೆ ಮೊಬೈಲ್ ಬದಿಗಿಡಬೇಕಿತ್ತು. 2023ರಲ್ಲಿ ತಪ್ಪೊಪ್ಪಿಕೊಂಡಾಗ ನ್ಯಾಯಾಲಯ ಆಕೆಯನ್ನು ಮೂರು ವರ್ಷ ನಿಗಾದಲ್ಲಿರಿಸಿತು. ಕಂಪನಿಯ ಸುರಕ್ಷತಾ ಸಂಸ್ಕೃತಿಯೇ ಸರಿಯಿರಲಿಲ್ಲ ಎಂದು ಮಂಡಳಿ ಬರೆಯಿತು, ಆದರೆ ಕಂಪನಿಯ ಮೇಲೆ ಕ್ರಿಮಿನಲ್ ಮೊಕದ್ದಮೆ ಬೀಳಲಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿ.

ಟೆಂಪಿಯ ಘಟನೆಯ ಐದೇ ದಿನಕ್ಕೆ ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿ ಆಟೋಪೈಲಟ್ (ವೇಗವನ್ನೂ ಲೇನನ್ನೂ ಕಾರೇ ಕಾಯ್ದುಕೊಳ್ಳುವ ವ್ಯವಸ್ಥೆ) ಚಾಲನೆಯಲ್ಲಿದ್ದ ಟೆಸ್ಲಾ ಕಾರು ಹೆದ್ದಾರಿಯ ತಡೆಗೋಡೆಗೆ ಅಪ್ಪಳಿಸಿ ಚಾಲಕ ಸತ್ತರು. ಅವರ ಫೋನಿನಲ್ಲಿ ಆಟವೊಂದು ತೆರೆದಿತ್ತು. ಚಾಲಕನ ಗಮನವನ್ನು ಆ ಕಾರು ಅಳೆಯುತ್ತಿದ್ದದ್ದು ಸ್ಟಿಯರಿಂಗ್ ಮೇಲಿನ ಕೈಯಿಂದ. ಗಮನ ಕೈಯಲ್ಲಿರುತ್ತದೆಯೇ? ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಡೇವಿಡ್ ಸ್ಟ್ರೇಯರ್ ವರ್ಷಗಟ್ಟಲೆ ತೋರಿಸಿಕೊಟ್ಟದ್ದು ಇದನ್ನೇ: ಫೋನನ್ನು ಕೈಯಲ್ಲಿ ಹಿಡಿಯದೆ ಮಾತನಾಡಿದರೂ ಮನಸ್ಸು ರಸ್ತೆಯಿಂದ ಆಚೆ ಹೋಗುತ್ತದೆ, ಕಣ್ಣೆದುರಿಗೆ ಇದ್ದದ್ದೂ ಕಾಣುವುದಿಲ್ಲ.

ಐರೋಪ್ಯ ಒಕ್ಕೂಟ ಇದನ್ನು ಅರ್ಥ ಮಾಡಿಕೊಂಡಿತು. ಚಾಲಕನ ದೃಷ್ಟಿ ಎತ್ತ ಇದೆಯೆಂದು ಗಮನಿಸಿ ಎಚ್ಚರಿಸುವ ವ್ಯವಸ್ಥೆಯನ್ನು 2024ರ ಜುಲೈನಿಂದ ಹೊಸ ಮಾದರಿಗಳಿಗೂ 2026ರ ಜುಲೈನಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯ ಮಾಡಿತು. ಅದರಿಂದ ಎಲ್ಲವೂ ಬಗೆಹರಿಯುವುದಿಲ್ಲ. ಕಣ್ಣು ರಸ್ತೆಯ ಮೇಲಿದ್ದು ಮನಸ್ಸು ಇನ್ನೆಲ್ಲೋ ಇರಬಹುದು. ಆದರೂ ಕೈ ಅಳೆಯುವುದಕ್ಕಿಂತ ಇದು ಎಷ್ಟೋ ಮೇಲು.

ನಮ್ಮಲ್ಲೂ ವೇಗವನ್ನೂ ಲೇನನ್ನೂ ತಾವೇ ಕಾಯ್ದುಕೊಳ್ಳುವ ಕಾರುಗಳು ಶೋರೂಮಿಗೆ ಬಂದಿವೆ. ಜನ ಎಲ್ಲೆಂದರಲ್ಲಿ ರಸ್ತೆ ದಾಟುವ ನಾಡಿದು. ಕೊಳ್ಳಲು ಹೋದವರು ಮೂರು ಪ್ರಶ್ನೆ ಕೇಳಿ. ಈ ಕಾರು ನನ್ನ ಕಣ್ಣನ್ನು ಗಮನಿಸುತ್ತದೆಯೇ, ಕೈಯನ್ನಷ್ಟೇ ನೋಡುತ್ತದೆಯೇ? ನಾನು ಎಚ್ಚರಿಕೆಗೆ ಸ್ಪಂದಿಸದಿದ್ದರೆ ಏನು ಮಾಡುತ್ತದೆ? ರಾತ್ರಿ ದೀಪವಿಲ್ಲದೆ ನಿಂತ ಟ್ರಾಕ್ಟರ್ ಇದಕ್ಕೆ ಕಾಣುತ್ತದೆಯೇ? ಉತ್ತರವನ್ನು ಬಾಯಿಮಾತಿನಲ್ಲಿ ಒಪ್ಪಬೇಡಿ, ಕೈಪಿಡಿಯಲ್ಲಿ ತೋರಿಸಲು ಹೇಳಿ.