ರಾತ್ರಿ ಊಟಕ್ಕೆ ಎಂತ?

ಕೇಳುಗರಿಗೆಲ್ಲ ನಮಸ್ಕಾರ.

ಸಂಜೆ ದೀಪ ಹಚ್ಚುವ ಹೊತ್ತಿಗೆ ನಮ್ಮ ಕಡೆಯ ಮನೆಗಳಲ್ಲಿ ಏಳುವ ಪ್ರಶ್ನೆ ಇದು: "ಅಮ್ಮಾ, ರಾತ್ರಿ ಊಟಕ್ಕೆ ಎಂತ?" ತೊಂಡೆಕಾಯಿ ಪಲ್ಯ, ಹೆಸರುಕಾಳಿಗೆ ಕಾಯಿ ಅರೆದು ಹಾಕಿದ ಗಸಿ ಅಂದಿರೋ, ಮಗುವಿನ ಮುಖ ಸೊಟ್ಟಗಾಗುತ್ತದೆ. "ನಂಗೆ ಬೇಡ, ನೂಡಲ್ಸ್ ಮಾಡಿ ಕೊಡು." ಅಮ್ಮ ಗದರುತ್ತಾಳೆ, ಅಜ್ಜಿ ಪುಸಲಾಯಿಸುತ್ತಾಳೆ, ಅಪ್ಪ ಮೊಬೈಲು ಕೈಗೆ ಕೊಡುತ್ತಾನೆ. ಕೊನೆಗೆ ಒಂಬತ್ತು ಗಂಟೆಗೆ ಒಲೆಯ ಮೇಲೆ ನೂಡಲ್ಸಿನ ನೀರು ಕುದಿಯುತ್ತದೆ.

ಗೃಹವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ಈಗ ಉಡುಪಿಯ ಹತ್ತಿರ ಮಗ, ಸೊಸೆ, ಮೊಮ್ಮಕ್ಕಳ ಜೊತೆಗಿದ್ದೇನೆ. ಈ ಎರಡನೇ ಅಡುಗೆ ಬೇಡ ಅನ್ನುವುದೇ ನನ್ನ ಇವತ್ತಿನ ಮಾತು. ಮನೆಗೆಲ್ಲ ಒಂದೇ ಅಡುಗೆ, ಮಗುವಿನ ಪಾಲೂ ಅದರಲ್ಲೇ. ಕರಾವಳಿಯ ಅಡುಗೆಯಲ್ಲಿ ಅದಕ್ಕೆ ದಾರಿಗಳು ಧಾರಾಳ ಇವೆ.

ಮೊದಲು ಒಂದು ಲೆಕ್ಕ ಹೇಳುತ್ತೇನೆ, ತಾಯಂದಿರ ಅರ್ಧ ಚಿಂತೆ ಅದರಿಂದಲೇ ಕಡಿಮೆಯಾದೀತು. ಹುಟ್ಟುವಾಗ 3 ಕಿಲೋ ಇದ್ದ ಶಿಶು ವರ್ಷ ತುಂಬುವಾಗ ಹೆಚ್ಚುಕಮ್ಮಿ 9 ಕಿಲೋ ಆಗುತ್ತದೆ. ಎರಡನೇ ವರ್ಷದಲ್ಲಿ ಏರುವುದು ಎರಡು, ಎರಡೂವರೆ ಕಿಲೋ ಮಾತ್ರ. ಆಮೇಲೆ ವರ್ಷಕ್ಕೆ ಸುಮಾರು 2 ಕಿಲೋ. ಮೈ ಬೆಳೆಯುವ ವೇಗ ಇಳಿದಾಗ ಹಸಿವೂ ಇಳಿಯುತ್ತದೆ. "ಮೊದಲೆಲ್ಲ ಚೆನ್ನಾಗಿ ಉಣ್ಣುತ್ತಿತ್ತು, ಈಗ ಮುಟ್ಟುವುದೇ ಇಲ್ಲ" ಎಂಬ ದೂರು ಎರಡು ವರ್ಷದ ಮಕ್ಕಳ ಮನೆಯಿಂದಲೇ ಹೆಚ್ಚು ಬರುವುದು ಇದಕ್ಕೇ. ಅದರ ಜೊತೆಗೆ ಎರಡರಿಂದ ಆರು ವರ್ಷದವರೆಗೆ ಮಕ್ಕಳಿಗೆ ಹಿಂದೆ ಕಂಡಿರದ ತಿಂಡಿಯ ಮೇಲೆ ಒಂದು ಅನುಮಾನವೂ ಇರುತ್ತದೆ. ಅದು ನಿಮ್ಮ ಕೈಯಡುಗೆಯ ದೋಷವಲ್ಲ.

ಇನ್ನು ಅಡುಗೆಮನೆಯ ವಿಚಾರ. ರಾತ್ರಿಯ ಊಟ ಕೆಡುವುದು ರಾತ್ರಿ ಅಲ್ಲ, ಸಂಜೆ. ನಾಲ್ಕೂವರೆಗೆ ಶಾಲೆಯಿಂದ ಬಂದ ಮಗುವಿಗೆ ಒಂದು ದೊಡ್ಡ ಲೋಟ ಹಾಲು, ಅದಕ್ಕೆ ಎರಡು ಚಮಚ ಚಾಕೊಲೇಟ್ ಪುಡಿ. ಆರಕ್ಕೆ ಟ್ಯೂಶನ್ ಮುಗಿಸಿ ಬರುವಾಗ ಬೇಕರಿಯ ಪಫ್ಸ್. ಏಳಕ್ಕೆ ಪಾಠ ಬರೆಯುತ್ತಾ ಬಿಸ್ಕಿಟು. ಎಂಟೂವರೆಗೆ ತಟ್ಟೆಯ ಎದುರು ಕೂರಿಸಿದರೆ ಆ ಮಗು ಹಟ ಮಾಡುತ್ತಿಲ್ಲ ಮಾರಾಯ್ರೇ, ಅದಕ್ಕೆ ಹಸಿವೇ ಇಲ್ಲ. ವರ್ಷ ದಾಟಿದ ಪುಟ್ಟ ಮಕ್ಕಳಿಗಂತೂ ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಾಲು ಬೇಡ. ಹೊಟ್ಟೆ ಹಾಲಿನಲ್ಲೇ ತುಂಬಿದರೆ ಅನ್ನ, ಕಾಳು, ಸೊಪ್ಪಿಗೆ ಜಾಗ ಉಳಿಯುವುದಿಲ್ಲ, ಹಾಲಿನಲ್ಲಿ ಕಬ್ಬಿಣದ ಅಂಶವೂ ಇಲ್ಲವೆನ್ನುವಷ್ಟು ಕಡಿಮೆ.

ಸಂಜೆ ತಿಂಡಿ ಕೊಡಲೇಬೇಕು, ಹಸಿದ ಮಗುವನ್ನು ಎಂಟರವರೆಗೆ ಕಾಯಿಸಲಾಗದು. ಆದರೆ ಅದು ಐದು ಗಂಟೆಯೊಳಗೆ ಮುಗಿಯಲಿ, ತಿಂಡಿಯಂಥ ತಿಂಡಿ ಇರಲಿ. ಕಡಲೆ ಉಸಲಿ, ಬೇಯಿಸಿದ ಗೆಣಸು, ಕಾಯಿತುರಿ ಬೆರೆಸಿದ ಅವಲಕ್ಕಿ, ಬಾಳೆಹಣ್ಣು. ಆಮೇಲೆ ಊಟದವರೆಗೆ ನೀರು ಮಾತ್ರ. ಎಣ್ಣೆಯಲ್ಲಿ ಕರಿದ ಗೋಳಿಬಜೆ, ಬನ್ಸ್ ಬೇಡವೇ ಬೇಡ ಅನ್ನುವವಳು ನಾನಲ್ಲ, ಅಂಥ ಮಾತು ಉಡುಪಿಯಲ್ಲಿ ಕೂತು ಹೇಳಲು ನನಗೆ ಬಾಯಿ ಬಾರದು. ಆದಿತ್ಯವಾರ ತಿನ್ನಲಿ.

ಊಟದ ಹೊತ್ತೂ ಮುಖ್ಯ. ಮಂಗಳೂರಿನಲ್ಲಿ ಕೆಲಸ ಮುಗಿಸಿ ಹೆದ್ದಾರಿಯ ಬಸ್ಸು ಹಿಡಿದು ಅಪ್ಪ ಮನೆ ಸೇರುವಾಗ ಒಂಬತ್ತಾಗುತ್ತದೆ ಅಂತ ಮಗುವನ್ನೂ ಕಾಯಿಸಿದರೆ ಅದು ನಿದ್ದೆಗಣ್ಣಿನಲ್ಲಿ ತೂಕಡಿಸುತ್ತದೆ. ನಿದ್ದೆ ಬಂದ ಮಗುವಿಗೆ ಯಾವ ಪಲ್ಯವೂ ರುಚಿಸದು. ಏಳೂವರೆಗೆ ಬಡಿಸಿ, ಆದರೆ ಒಬ್ಬರಾದರೂ ದೊಡ್ಡವರು ತಟ್ಟೆ ಹಾಕಿಕೊಂಡು ಜೊತೆಗೆ ಕೂತು ಅದನ್ನೇ ಉಣ್ಣಿ.

ಈಗ ಒಂದೇ ಪಾತ್ರೆಯ ಮಾತು. ಹೆಸರಿನ ಗಸಿಯನ್ನೇ ತೆಗೆದುಕೊಳ್ಳಿ. ಕಾಳು ಉಪ್ಪು, ಅರಸಿನದಲ್ಲಿ ಮೆತ್ತಗೆ ಬೆಂದಿರುತ್ತದೆ. ಕಾಯಿ, ಕೊತ್ತಂಬರಿ, ಕೆಂಪು ಮೆಣಸು ಅರೆದ ಮಸಾಲೆ ಇನ್ನೂ ಮಿಕ್ಸಿಯಲ್ಲೇ ಇದೆ. ಮಸಾಲೆ ಸುರಿಯುವ ಮೊದಲು ಎರಡು ಸೌಟು ಬೇರೆ ತೆಗೆದಿಡಿ. ಅದಕ್ಕೆ ತುಪ್ಪದಲ್ಲಿ ಜೀರಿಗೆ, ಕರಿಬೇವಿನ ಒಗ್ಗರಣೆ, ಮೇಲೆ ಒಂದು ಚಿಟಿಕೆ ಕಾಯಿತುರಿ. ಮಗುವಿನ ಪಾಲು ತಯಾರು, ಹೆಚ್ಚಿಗೆ ಹಿಡಿದದ್ದು ಎರಡು ನಿಮಿಷ. ಮುಂದಿನ ಸಲ ಆ ಬಟ್ಟಲಿಗೆ ದೊಡ್ಡವರ ಗಸಿಯಿಂದ ಒಂದು ಚಮಚ ರಸ ಬೆರೆಸಿ. ಆಮೇಲೆ ಎರಡು ಚಮಚ. ಬ್ಯಾಡಗಿ ಮೆಣಸು ಬಳಸುವವರಿಗೆ ಇದು ಸುಲಭ, ಅದರಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಸಾಂಬಾರು, ಕೊದ್ದೆಲ್, ಮೀನಿನ ಗಸಿ, ಕೋಳಿ ಸುಕ್ಕ, ಎಲ್ಲದಕ್ಕೂ ಇದೇ ಉಪಾಯ. ಹೀಗೆ ಮಗು ಮೆಲ್ಲಗೆ ಮನೆಯ ರುಚಿಗೇ ಬಂದು ಸೇರುತ್ತದೆ.

ತಟ್ಟೆಯಲ್ಲಿ ಮಗು ಖಂಡಿತ ತಿನ್ನುವ ಒಂದು ಪದಾರ್ಥ ಇರಲೇಬೇಕು. ಅದು ಮೊಸರನ್ನವಾಗಲಿ, ನೀರುದೋಸೆಯಾಗಲಿ, ಒತ್ತು ಶ್ಯಾವಿಗೆಯಾಗಲಿ. ಅದರ ಪಕ್ಕದಲ್ಲಿ ಹೊಸದು ಒಂದೇ ಒಂದು, ಅದೂ ಒಂದು ಚಮಚದಷ್ಟು. ಅಮೆರಿಕದ ಮನೋವಿಜ್ಞಾನಿ ಲಿಯಾನ್ ಬರ್ಚ್ 1980ರ ದಶಕದಲ್ಲಿ ಎರಡು ವರ್ಷದ ಮಕ್ಕಳ ಮೇಲೆ ಮಾಡಿದ ಪ್ರಯೋಗಗಳಲ್ಲಿ ಕಂಡದ್ದು ಇದು: ಹೊಸ ತಿನಿಸನ್ನು ಇಪ್ಪತ್ತು ಸಲದವರೆಗೂ ನಾಲಗೆಗೆ ಮುಟ್ಟಿಸಿದಂತೆ ಇಷ್ಟ ಹೆಚ್ಚುತ್ತಾ ಹೋಯಿತು. ನಾವು ಎರಡು ಸಲ ಬಡಿಸಿ "ಇವಳಿಗೆ ಹರಿವೆ ಸೊಪ್ಪು ಆಗುವುದಿಲ್ಲ" ಎಂದು ಷರಾ ಬರೆದುಬಿಡುತ್ತೇವೆ.

ಅದೇ ಬರ್ಚ್ ತೋರಿಸಿಕೊಟ್ಟ ಇನ್ನೊಂದು ಸಂಗತಿ ನಮ್ಮೂರಿಗೆ ಹೇಳಿ ಮಾಡಿಸಿದ ಹಾಗಿದೆ. "ಇದನ್ನು ತಿಂದರೆ ಅದು ಕೊಡುತ್ತೇನೆ" ಅಂತ ಆಸೆ ತೋರಿಸಿ ತಿನ್ನಿಸಿದರೆ, ಮಕ್ಕಳಿಗೆ ಆ ತಿನಿಸಿನ ಮೇಲೆ ಇದ್ದ ಇಷ್ಟವೂ ಕಡಿಮೆಯಾಗುತ್ತದೆ. ನಾವು ಗಡ್‌ಬಡ್ ಐಸ್‌ಕ್ರೀಮಿನ ನಾಡಿನವರು. ಪಲ್ಯ ಮುಗಿಸಿದರೆ ಐಸ್‌ಕ್ರೀಂ ಎಂದ ಕೂಡಲೇ ಮಗುವಿಗೆ ಅರ್ಥವಾಗುವುದು, ಪಲ್ಯ ಒಂದು ಶಿಕ್ಷೆ ಅಂತ. ಐಸ್‌ಕ್ರೀಂ ಕೊಡುವ ದಿನ ಸುಮ್ಮನೆ ಕೊಡಿ, ಪಲ್ಯಕ್ಕೂ ಅದಕ್ಕೂ ಗಂಟು ಹಾಕಬೇಡಿ.

ತರಕಾರಿಯನ್ನು ಕಣ್ಣಿಗೆ ಕಾಣದಂತೆ ಸೇರಿಸಬಹುದೋ ಅಂತ ಕೇಳುವವರಿದ್ದಾರೆ. ನಮ್ಮ ಹಿರಿಯರು ಮಾಡುತ್ತಾ ಬಂದದ್ದೇ ಅದನ್ನು. ಸೌತೆಕಾಯಿ ದೋಸೆ, ಹವ್ಯಕರು ತೆಳ್ಳವು ಅನ್ನುತ್ತಾರಲ್ಲ, ಅದು, ಸೋರೆಕಾಯಿ ದೋಸೆ, ಕಲ್ಲಂಗಡಿ ಸಿಪ್ಪೆಯ ಒಳಗಿನ ಬಿಳಿ ತಿರುಳಿನ ದೋಸೆ. ಸೌತೆಕಾಯಿಯದ್ದು ಹೀಗೆ: ಎರಡು ಲೋಟ ಬೆಳ್ತಿಗೆ, ಅಂದರೆ ಬಿಳಿ ಅಕ್ಕಿ ಮೂರು ನಾಲ್ಕು ಗಂಟೆ ನೆನೆಯಲಿ. ಒಂದು ಲೋಟ ಸೌತೆಕಾಯಿ ತುರಿಯ ಜೊತೆ ನುಣ್ಣಗೆ ರುಬ್ಬಿ. ಮೊದಲೇ ನೀರು ಹಾಕಬೇಡಿ, ಸೌತೆಕಾಯಿಯೇ ನೀರು ಬಿಡುತ್ತದೆ, ಸಾಲದಿದ್ದರೆ ಮಾತ್ರ ಆಮೇಲೆ. ಉಪ್ಪು ಹಾಕಿ, ಕಾವಲಿ ಚೆನ್ನಾಗಿ ಕಾದ ಮೇಲೆ ತೆಳ್ಳಗೆ ಎರೆದು ಮುಚ್ಚಿ. ಬೀಟ್‌ರೂಟ್ ಹಾಕಿ ಗುಲಾಬಿ ಬಣ್ಣದ ದೋಸೆ ಮಾಡುವುದಾದರೆ ಹೆಬ್ಬೆರಳಿನಷ್ಟು ತುಂಡು ಸಾಕು. ಹೆಚ್ಚಾದರೆ ಮಣ್ಣಿನ ವಾಸನೆ ಬರುತ್ತದೆ, ಮಕ್ಕಳ ಮೂಗಿಗೆ ಅದು ಮೊದಲು ಗೊತ್ತಾಗುತ್ತದೆ. ಆದರೆ ದೋಸೆಯೊಳಗೆ ಹೋದ ಸೌತೆಯನ್ನು ಮಗು ಸೌತೆ ಎಂದು ಗುರುತಿಸುವುದಿಲ್ಲ. ಹಾಗಾಗಿ ಪಕ್ಕದಲ್ಲಿ ಎರಡು ಹೋಳು ಹಸಿ ಸೌತೆಯೂ ಇರಲಿ, ತಿನ್ನಲಿ ಬಿಡಲಿ.

ಬಹಳ ಸಲ ಮಕ್ಕಳಿಗೆ ಆಗದೇ ಇರುವುದು ರುಚಿಯಲ್ಲ, ಬಾಯಿಯಲ್ಲಿ ಜಾರುವ ಲೋಳೆ. ಬಸಳೆ, ಬೆಂಡೆ, ಬದನೆಯ ಮೇಲಿನ ಸಿಟ್ಟು ಅದೇ. ಕಟಪಾಡಿ ಹತ್ತಿರದ ಮಟ್ಟು ಎಂಬ ಊರಿನ ಗುಂಡು ಬದನೆ, ನಮ್ಮ ಗುಳ್ಳಕ್ಕೆ, 2011ರಲ್ಲಿ ಆ ಊರಿನದ್ದೇ ಬೆಳೆ ಎಂಬ ಭೌಗೋಳಿಕ ಸೂಚಕ ಸಿಕ್ಕಿತು, ಆದರೆ ಗುಳ್ಳದ ಹುಳಿಯನ್ನು ನಮ್ಮ ಮೊಮ್ಮಗ ಕಣ್ಣೆತ್ತಿ ನೋಡುವುದಿಲ್ಲ. ಅದೇ ಗುಳ್ಳವನ್ನು ತೆಳುವಾಗಿ ಬಿಲ್ಲೆ ಕತ್ತರಿಸಿ, ಉಪ್ಪು, ಅರಸಿನ, ಚೂರು ಮೆಣಸಿನ ಪುಡಿ ಸವರಿ, ರವೆಯಲ್ಲಿ ಹೊರಳಿಸಿ ಕಾವಲಿಯಲ್ಲಿ ಗರಿಗರಿ ಕಾಯಿಸಿದರೆ ನಾಲ್ಕು ಬಿಲ್ಲೆ ತಿನ್ನುತ್ತಾನೆ. ಕಹಿಯ ಸಂಗತಿ ಬೇರೆ. ಮಕ್ಕಳಿಗೆ ಕಹಿ ನಮಗಿಂತ ಜೋರಾಗಿ ತಾಗುತ್ತದೆ. ಹಾಗಲಕಾಯಿಗೆ ಅವಸರ ಮಾಡಬೇಡಿ.

ಮಕ್ಕಳನ್ನು ಅಡುಗೆಗೆ ಸೇರಿಸಿಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ, ಯಾವ ಅಡುಗೆಗೆ ಅಂತ ಯಾರೂ ಹೇಳುವುದಿಲ್ಲ. ನಾನು ಪತ್ರೊಡೆಗೆ ಅನ್ನುತ್ತೇನೆ. ಆಟಿ ತಿಂಗಳ, ಅಂದರೆ ಜುಲೈ-ಆಗಸ್ಟ್ ಹೊತ್ತಿನ ಮಳೆಗೆ ಕೆಸುವಿನೆಲೆ ಹಿತ್ತಿಲಲ್ಲಿ ಬೇಕಾದಷ್ಟು. ಅಕ್ಕಿ, ಹುಣಸೆ, ಬೆಲ್ಲ, ಕೊತ್ತಂಬರಿ, ಮೆಣಸು ಸೇರಿದ ಹಿಟ್ಟನ್ನು ದೊಡ್ಡವರು ರುಬ್ಬಿಡಿ, ಮೆಣಸು ಕಡಿಮೆ ಮಾಡಿ, ಹುಣಸೆಯನ್ನು ಮಾತ್ರ ಕಡಿಮೆ ಮಾಡಬೇಡಿ, ಗಂಟಲು ತುರಿಸೀತು. ಎಲೆಯ ಬೆನ್ನು ಮೇಲೆ ಮಾಡಿ ಹಾಸಿ, ದಪ್ಪ ನರ ಕೆತ್ತಿ ತೆಗೆದು ಕೊಟ್ಟರೆ ಹಿಟ್ಟು ಸವರುವ ಕೆಲಸ ಆರು ವರ್ಷದ ಮೊಮ್ಮಗಳದ್ದು. ಅಂಗೈಯಗಲ ಬಳಿದು, ಅಂಚಿನವರೆಗೆ ಬೆರಳಿನಿಂದ ಎಳೆದು, ಮೇಲೆ ಇನ್ನೊಂದು ಎಲೆ ಉಲ್ಟಾ ಇಟ್ಟು, "ಅಜ್ಜಿ, ಈಗ ಸುತ್ತುವುದಾ?" ಅಂತ ಕೇಳುತ್ತಾಳೆ. ಬಟ್ಟೆ ತುಂಬ ಹಿಟ್ಟು, ಆಗಲಿ. ಹಬೆಯಲ್ಲಿ ಬೆಂದ ಸುರುಳಿ ಆರಿದ ಮೇಲೆ ಕತ್ತರಿಸುವಾಗ ಒಳಗಿನ ಹಸಿರು ಸುತ್ತು ನೋಡಲು ಓಡಿ ಬರುತ್ತಾಳೆ. ತಾನು ಸವರಿದ ಸುರುಳಿ ಯಾವುದು ಎಂದು ಅವಳಿಗೆ ಗೊತ್ತಿರುತ್ತದೆ, ಅದನ್ನು ತಮ್ಮನಿಗೂ ಕೊಡುವುದಿಲ್ಲ. ಉಳಿದದ್ದನ್ನು ಮರುದಿನ ಪುಡಿ ಮಾಡಿ ಬೆಲ್ಲ, ಕಾಯಿತುರಿ ಹಾಕಿ ಬಿಸಿ ಮಾಡಿದರೆ ಇನ್ನೊಂದು ತಿಂಡಿ. ಸೊಪ್ಪು ತಿನ್ನಿ ಎಂದು ಯಾರೂ ಹೇಳದೆ ಸೊಪ್ಪು ಹೊಟ್ಟೆ ಸೇರಿತು.

ಸೊಪ್ಪಿನ ಮಾತಿಗೆ ಒಂದು ಕಾರಣ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ. ಕಾಳು, ಸೊಪ್ಪಿನಲ್ಲಿರುವ ಕಬ್ಬಿಣ ಮೈಗೆ ಹತ್ತಬೇಕಾದರೆ ಜೊತೆಗೆ ಹುಳಿ ಹಣ್ಣಿನ ಸಿ ಜೀವಸತ್ವ ಬೇಕು. ಪಲ್ಯ ಒಲೆಯಿಂದ ಇಳಿಸಿದ ಮೇಲೆ ಲಿಂಬೆ ಹಿಂಡಿ, ಕುದಿಯುವಾಗ ಹಿಂಡಿದರೆ ಆ ಸತ್ವ ಬಿಸಿಗೆ ಕಡಿಮೆಯಾಗುತ್ತದೆ. ಊಟದ ಬೆನ್ನಿಗೆ ಚಹಾ ಮಾತ್ರ ಮಕ್ಕಳಿಗೆ ಬೇಡ, ಕಬ್ಬಿಣ ಹೀರದಂತೆ ಅದು ತಡೆಯುತ್ತದೆ.

ಕುಚ್ಚಲಕ್ಕಿಯನ್ನೂ ಬಿಡಬೇಡಿ. ಭತ್ತವನ್ನು ಸಿಪ್ಪೆ ಸಮೇತ ಬೇಯಿಸಿ ಒಣಗಿಸುವಾಗ ತೌಡಿನಲ್ಲಿರುವ ಬಿ ಜೀವಸತ್ವ ಅಕ್ಕಿಯೊಳಗೆ ಇಳಿಯುತ್ತದೆ, ಗಿರಣಿಗೆ ಹೋದ ಮೇಲೂ ಸಾಕಷ್ಟು ಉಳಿಯುತ್ತದೆ. ಅಕ್ಕಿಯ ಕಾಳು ದಪ್ಪ ಅಂತ ಮಕ್ಕಳು ದೂರುತ್ತಾರೆ. ಗಂಜಿಯನ್ನು ಸ್ವಲ್ಪ ಹೆಚ್ಚು ಬೇಯಿಸಿ, ಹೆಸರುಕಾಳು, ಕಾಯಿಹಾಲು ಸೇರಿಸಿ ಕೊಟ್ಟು ನೋಡಿ. ಜ್ವರ ಬಂದಾಗ ಮಾತ್ರ ಗಂಜಿ ಕೊಡುವ ಮನೆಯಲ್ಲಿ ಮಕ್ಕಳು ಅದನ್ನು ಔಷಧ ಅಂದುಕೊಂಡರೆ ತಪ್ಪೇನು?

ಮೀನು ತಿನ್ನುವ ಮನೆಗಳಲ್ಲಿ ಹಟಕ್ಕೆ ಕಾರಣ ಮುಳ್ಳು. ಮೊದಲು ಕಾಣೆ ಮೀನು, ನಂಗ್ ಮೀನು ಕೊಡಿ, ಮುಳ್ಳು ಬಿಡಿಸುವುದು ಸುಲಭ. ಅಂಜಲ್ ಇನ್ನೂ ಒಳ್ಳೆಯದು, ಕಿಸೆ ಒಪ್ಪಿದರೆ. ಬೂತಾಯಿ ಅಗ್ಗ, ಮಿದುಳಿಗೆ ಬೇಕಾದ ಒಮೆಗಾ-3 ಕೊಬ್ಬು ಅದರಲ್ಲಿ ಧಾರಾಳ. ಕುಕ್ಕರಿನಲ್ಲಿ ಹುಣಸೆ ರಸದ ಜೊತೆ ಸ್ವಲ್ಪ ಹೆಚ್ಚು ಹೊತ್ತು ಬೇಯಿಸಿದರೆ ಮುಳ್ಳು ಮೆತ್ತಗಾಗಿ ಕ್ಯಾಲ್ಸಿಯಂ ಸಮೇತ ಹೊಟ್ಟೆಗೆ ಹೋಗುತ್ತದೆ, ಆದರೂ ಪುಟ್ಟ ಮಕ್ಕಳಿಗೆ ಕೈಯಲ್ಲಿ ಹಿಸುಕಿ ನೋಡಿಯೇ ಕೊಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯದ ತಿಂಗಳುಗಳಲ್ಲಿ ಮೊಟ್ಟೆ, ಕಡಲೆ, ಹುರುಳಿ ಇವೆಯಲ್ಲ. ಒಣಮೀನಿನಲ್ಲಿ ಉಪ್ಪು ವಿಪರೀತ, ಅದನ್ನು ದೊಡ್ಡವರೇ ಇಟ್ಟುಕೊಳ್ಳಿ.

ಅಪ್ಪಂದಿರಿಗೆ ಒಂದು ಮಾತು. "ಇವತ್ತೂ ಇದೇ ಪಲ್ಯವಾ?" ಎಂದು ನೀವು ಬಟ್ಟಲು ದೂಡಿದ್ದನ್ನು ನಾಲ್ಕು ವರ್ಷದ ಮಗು ನೋಡಿರುತ್ತದೆ. ಅದಕ್ಕೆ ಬಸಳೆ ತಿನ್ನು ಅಂತ ಅಮ್ಮ ಎಷ್ಟು ಹೇಳಿದರೂ ಏನು ಪ್ರಯೋಜನ?

ಇಷ್ಟೆಲ್ಲ ಮಾಡಿಯೂ ಒಂದು ರಾತ್ರಿ ಮಗು ಎರಡೇ ತುತ್ತು ಉಂಡು ಎದ್ದರೆ ಏಳಲಿ. ಏನು ಬಡಿಸಬೇಕು, ಯಾವಾಗ ಬಡಿಸಬೇಕು ಎಂಬುದು ನಿಮ್ಮ ಕೈಯಲ್ಲಿ, ಎಷ್ಟು ಉಣ್ಣಬೇಕು ಎಂಬುದು ಮಗುವಿನ ಕೈಯಲ್ಲಿ. ಮಲಗುವ ಮೊದಲು ಹಸಿವೆಂದರೆ ಒಂದು ಬಾಳೆಹಣ್ಣು, ಇಲ್ಲವೇ ಎರಡು ಚಮಚ ಮೊಸರನ್ನ. ಹೊಸದಾಗಿ ಒಲೆ ಹಚ್ಚುವುದು ಬೇಡ.

ಆದರೆ ಮಗುವಿನ ತೂಕ ತಿಂಗಳುಗಟ್ಟಲೆ ಏರದೆ ನಿಂತಿದ್ದರೆ, ಇಳಿಯುತ್ತಿದ್ದರೆ, ನುಂಗುವಾಗ ಪದೇ ಪದೇ ಕೆಮ್ಮು, ವಾಂತಿ ಬಂದರೆ, ಮೈ ಬಿಳಚಿಕೊಂಡು ಆಟಕ್ಕೂ ಸುಸ್ತಾಗುತ್ತಿದ್ದರೆ, ಅಥವಾ ಎರಡು ಮೂರು ಪದಾರ್ಥ ಬಿಟ್ಟು ಬೇರೇನನ್ನೂ ಬಾಯಿಗೇ ಇಡದಿದ್ದರೆ ಅಡುಗೆಯಲ್ಲಿ ಪರಿಹಾರ ಹುಡುಕಬೇಡಿ. ಮಕ್ಕಳ ವೈದ್ಯರನ್ನು ಕಾಣಿ. ಆರು ವರ್ಷದೊಳಗಿನವರ ತೂಕ, ಎತ್ತರವನ್ನು ಊರಿನ ಅಂಗನವಾಡಿಯಲ್ಲಿ ಅಳೆದು ದಾಖಲಿಸುತ್ತಾರೆ, ವೈದ್ಯರ ಬಳಿ ಹೋಗುವಾಗ ಆ ಲೆಕ್ಕವನ್ನೂ ಕೇಳಿ ಬರೆದುಕೊಂಡು ಹೋಗಿ.

ನಮಸ್ಕಾರ.