ಮಳೆನೀರು ಬೇರೆ, ಕೊಳೆನೀರು ಬೇರೆ

ಕೇಳುಗರೆಲ್ಲರಿಗೂ ನಮಸ್ಕಾರ. ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿ ಶೆಡ್ ನಡೆಸುವವರು, ಅಲ್ಲಿ ಕೆಲಸಕ್ಕೆ ಹೋಗುವವರು, ಸಂಜೆ ಆ ಚರಂಡಿ ಪಕ್ಕದಲ್ಲೇ ನಡೆದು ಮನೆಗೆ ಬರುವವರು, ಈ ಮಾತು ನಿಮಗೆ. ಕೈಗಾರಿಕಾ ಪ್ರದೇಶದ ಸುಸ್ಥಿರ ನಿರ್ವಹಣೆ ಅಂದಕೂಡಲೇ ದೊಡ್ಡ ಯಂತ್ರ, ದೊಡ್ಡ ಖರ್ಚು ಅಂತ ಹೆದರಬೇಡಿ. ಕೊಡಗಿನ ಮಟ್ಟಿಗೆ ಅದರ ಮುಕ್ಕಾಲು ಪಾಲು ಒಂದೇ ಮಾತಿನಲ್ಲಿದೆ: ಮಳೆನೀರು ಬೇರೆ, ಕೊಳೆನೀರು ಬೇರೆ. ಎರಡೂ ಒಂದೇ ಚರಂಡಿಗೆ ಇಳಿಯಬಾರದು.

ಯಾಕೆ ಅಂತ ಲೆಕ್ಕ ಹಾಕಿ ನೋಡೋಣ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ಶೆಡ್ಡಿನ ಚಾವಣಿ 20 ಮೀಟರ್ ಅಗಲ, 40 ಮೀಟರ್ ಉದ್ದ ಅಂತಿಟ್ಟುಕೊಳ್ಳಿ. 800 ಚದರ ಮೀಟರ್ ಆಯಿತು. ಜುಲೈ-ಆಗಸ್ಟಿನ ಕಕ್ಕಡ ತಿಂಗಳಲ್ಲಿ ಒಂದು ದಿನ 100 ಮಿಲಿಮೀಟರ್ ಸುರಿದರೆ ಚಾವಣಿಯಿಂದಲೇ 80,000 ಲೀಟರ್. ಕೊಳೆನೀರು ತಿಳಿಮಾಡುವ ನಿಮ್ಮ ಶುದ್ಧೀಕರಣ ಘಟಕ ದಿನಕ್ಕೆ 10,000 ಲೀಟರಿನದು ಅಂತಿಟ್ಟುಕೊಳ್ಳಿ. ಎಂಟು ದಿನದ ನೀರು ಒಂದೇ ದಿನ ನುಗ್ಗಿದರೆ, ಟ್ಯಾಂಕಿನಲ್ಲಿ ಕೊಳೆ ತಿಂದು ಬದುಕುವ ಸೂಕ್ಷ್ಮಜೀವಿಗಳೇ ಕೊಚ್ಚಿಹೋಗುತ್ತವೆ. ಅವು ಮತ್ತೆ ಬೆಳೆಯಲು ವಾರಗಟ್ಟಲೆ ಬೇಕು. ಅಷ್ಟು ದಿನವೂ ಮೋಟಾರು ತಿರುಗುತ್ತಿರುತ್ತದೆ, ಕರೆಂಟ್ ಬಿಲ್ಲು ಬರುತ್ತಿರುತ್ತದೆ, ನೀರು ಮಾತ್ರ ಶುದ್ಧವಾಗುವುದಿಲ್ಲ.

"ಮಳೆಗಾಲದಲ್ಲಿ ಎಲ್ಲ ತೊಳೆದುಹೋಗುತ್ತೆ ಬಿಡಿ" ಅನ್ನುವವರಿದ್ದಾರೆ. ದಯವಿಟ್ಟು ಆ ಮಾತು ಬಿಟ್ಟುಬಿಡಿ. ತೊಳೆದು ಎಲ್ಲಿಗೆ ಹೋಗುತ್ತದೆ? ಕಾವೇರಿಗೆ. ಕಣಿವೆ, ರಾಮನಾಥಪುರ ದಾಟಿ ಕೃಷ್ಣರಾಜಸಾಗರಕ್ಕೆ. ಹೊಳೆಗೆ ಬಿಡುವ ನೀರಿನಲ್ಲಿ ಬಿಒಡಿ, ಅಂದರೆ ಕೊಳೆ ತಿನ್ನುವಾಗ ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕದ ಅಳತೆ, ಲೀಟರಿಗೆ 30 ಮಿಲಿಗ್ರಾಂ, ಎಣ್ಣೆ ಮತ್ತು ಜಿಡ್ಡು 10 ಮಿಲಿಗ್ರಾಂ ಮೀರಬಾರದು ಅನ್ನುವುದು ನಿಯಮ. ಮಳೆನೀರು ಬೆರೆಸಿ ಆ ಅಂಕಿ ಇಳಿಸಬಹುದು, ಆದರೆ ಹೊಳೆಗೆ ಹೋದ ಕೊಳೆ ಒಂದು ಗ್ರಾಮೂ ಕಡಿಮೆಯಾಗಿರುವುದಿಲ್ಲ.

ಈಗ ಒಂದು ಕಾಫಿ ಕ್ಯೂರಿಂಗ್ ವರ್ಕ್ಸನ್ನು ಕಣ್ಮುಂದೆ ತಂದುಕೊಳ್ಳಿ. ಅಲ್ಲಿ ನೀರಿನ ಬಳಕೆಯೇ ಕಡಿಮೆ. ಒಣಗಿದ ಪಾರ್ಚ್‌ಮೆಂಟ್, ಚೆರಿ, ಅಂದರೆ ತಿರುಳು ತೆಗೆದು ಒಣಗಿಸಿದ ಬೀಜ, ಇಡಿಯಾಗಿ ಒಣಗಿಸಿದ ಹಣ್ಣು ಬರುತ್ತದೆ, ಸಿಪ್ಪೆ ಸುಲಿದು ಬೀಜ ಹೊರಡುತ್ತದೆ. "ನಮ್ಮಲ್ಲಿ ಕೊಳೆನೀರೇ ಇಲ್ಲ" ಅನ್ನುತ್ತಾರೆ. ಮೇ ತಿಂಗಳವರೆಗೆ ಅದು ನಿಜವೇ. ಸುಲಿದ ಹೊಟ್ಟನ್ನು ಹಿಂಬದಿಯ ಕಾಂಪೌಂಡಿಗೆ ಒತ್ತಿ ರಾಶಿ ಹಾಕಿರುತ್ತಾರೆ, ಉರುವಲಿಗೆ ಒಯ್ಯುವ ಬಾಯ್ಲರಿನವರ ಲಾರಿ ಬರುವವರೆಗೆ ಅಂತ. ಮೇಲೊಂದು ಟಾರ್ಪಾಲು, ಅದರ ಮೇಲೆ ನಾಲ್ಕು ಕಲ್ಲು. ಜೂನಿನ ಗಾಳಿಗೆ ಒಂದು ಮೂಲೆಯ ಕಲ್ಲು ಜಾರಿ ಟಾರ್ಪಾಲು ಏಳುತ್ತದೆ. ಅಷ್ಟು ಸಾಕು. ಹೊಟ್ಟು ಮೊದಲು ನೀರು ಕುಡಿಯುತ್ತಾ ಕೂರುತ್ತದೆ, ಬುಡದಲ್ಲಿ ಏನೂ ಕಾಣುವುದಿಲ್ಲ. ಹಾಗಾಗಿ ಯಾರೂ ತಿರುಗಿ ನೋಡುವುದಿಲ್ಲ. ಕೆಲವು ದಿನ ಕಳೆದ ಮೇಲೆ ಕರಿ ಕಾಫಿಯ ಬಣ್ಣದ ನೀರು ಜಿನುಗಲು ಶುರು. ರಾಶಿಯೊಳಗೆ ಕೈ ತೂರಿಸಿದರೆ ಬಿಸಿ, ಮೂಗಿಗೆ ಹುಳಿ ವಾಸನೆ: ಒಳಗೆ ಕೊಳೆಯುತ್ತಿದೆ. ಆ ಕಂದು ನೀರು ಕಾಂಪೌಂಡಿನ ತೂತಿನಿಂದ ಮಳೆಚರಂಡಿಗೆ, ಅಲ್ಲಿಂದ ತೋಡಿಗೆ ಇಳಿಯುತ್ತದೆ. ತೋಡಿನ ನೀರಿನಲ್ಲಿರುವ ಆಮ್ಲಜನಕವನ್ನು ಅದು ತಿಂದುಹಾಕಿದರೆ ಮೀನು ಉಸಿರಿಗೆ ಬಾಯಿ ಮೇಲೆತ್ತುತ್ತದೆ. ಕೊಳೆನೀರೇ ಇಲ್ಲದ ಜಾಗದಲ್ಲಿ, ಒಂದು ಟಾರ್ಪಾಲಿನ ಮೂಲೆಯಿಂದ ಇಷ್ಟೆಲ್ಲ! ಹೊಟ್ಟಿಗೆ ಬೇಕಾದದ್ದು ತಗಡಿನ ಚಾವಣಿ, ಅಂಗಳಕ್ಕಿಂತ ಒಂದಡಿ ಎತ್ತರದ ಕಾಂಕ್ರೀಟ್ ನೆಲ, ಮಳೆ ಎರಚುವ ಪಡುವಣ ದಿಕ್ಕಿಗೆ ಒಂದು ಗೋಡೆ. ಅದಾಗದಿದ್ದರೆ ಮೇ ಮುಗಿಯುವುದರೊಳಗೆ ರಾಶಿ ಸಾಗಿಸಿಬಿಡಿ.

ನಿಮ್ಮಲ್ಲಿ ಯಾವ ನೀರು ಎಲ್ಲಿಗೆ ಹೋಗುತ್ತದೆ ಅಂತ ಊಹಿಸಬೇಡಿ, ಬಕೆಟ್ ಹಿಡಿದು ನೋಡಿ. 15 ಲೀಟರ್ ನೀರಿಗೆ ತಿಂಡಿಗೆ ಬಳಸುವ ಕೆಂಪು ಬಣ್ಣ ಕಲಸಿ. ಒಬ್ಬರು ತೊಳೆಯುವ ಜಾಗದಲ್ಲಿ ಸುರಿಯಲಿ, ಇನ್ನೊಬ್ಬರು ಹೊರಗಿನ ಮಳೆಚರಂಡಿಯ ಹತ್ತಿರ ನಿಲ್ಲಲಿ. ಅಲ್ಲಿ ಕೆಂಪು ಕಂಡರೆ ಪೈಪು ತಪ್ಪಾಗಿ ಜೋಡಣೆಯಾಗಿದೆ. ಆಮೇಲೆ ಚಾವಣಿಯಿಂದ ಇಳಿಯುವ ಪ್ರತಿಯೊಂದು ಪೈಪಿಗೂ ಹಾಗೆಯೇ ಮಾಡಿ. ಆ ಕೆಂಪು ಬಣ್ಣ ಶುದ್ಧೀಕರಣ ಘಟಕದ ಟ್ಯಾಂಕಿನಲ್ಲಿ ಕಂಡರೆ ಅದೂ ತಪ್ಪೇ. ಹಳೇ ಶೆಡ್ಡಿಗೆ ಹೊಸ ಭಾಗ ಸೇರಿಸಿದ ಕಡೆ ಮೊದಲು ನೋಡಿ, ಕೈಗೆ ಹತ್ತಿರ ಸಿಕ್ಕ ಪೈಪಿಗೇ ಸೇರಿಸಿ ಸಿಮೆಂಟು ಬಳಿದಿರುತ್ತಾರೆ. ಕಂಡದ್ದನ್ನು ಒಂದು ಹಾಳೆಯಲ್ಲಿ ಬರೆಯಿರಿ: ಮಳೆನೀರಿಗೆ ನೀಲಿ ಗೆರೆ, ಕೊಳೆನೀರಿಗೆ ಕೆಂಪು ಗೆರೆ. ತೊಳೆಯುವ ಜಾಗಕ್ಕೆ ಮೇಲೆ ಚಾವಣಿ, ಸುತ್ತ ನಾಲ್ಕಿಂಚಿನ ಸಿಮೆಂಟ್ ದಿಂಡು ಕಟ್ಟಿದರೆ ಅಂಗಳದ ಮಳೆನೀರು ಒಳಗೆ ಬರುವುದಿಲ್ಲ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಜನರೇಟರ್, ಗ್ಯಾರೇಜು ಇರುವಲ್ಲಿ ಎಣ್ಣೆ ತಡೆಯುವ ಮೂರು ಕೋಣೆಯ ಗುಂಡಿ ಇರಲಿ. ಕೋಣೆಯಿಂದ ಕೋಣೆಗೆ ನೀರು ದಾಟಿಸುವ ಪೈಪಿನ ಬಾಯಿ ಕೆಳಕ್ಕೆ ಬಾಗಿರಬೇಕು. ಎಣ್ಣೆ ತೇಲುವ ವಸ್ತು. ಪೈಪಿನ ಬಾಯಿ ಮೇಲಿದ್ದರೆ ಎಣ್ಣೆಯೇ ಮೊದಲು ದಾಟುತ್ತದೆ. ಡೀಸೆಲ್ ಬ್ಯಾರಲ್ ಸುತ್ತ ಕಟ್ಟೆ ಕಟ್ಟುವಾಗ, 200 ಲೀಟರ್ ಬ್ಯಾರಲ್ಲಿಗೆ ಕಟ್ಟೆಯೊಳಗೆ 220 ಲೀಟರ್ ನಿಲ್ಲುವಷ್ಟು ಜಾಗ ಬಿಡಿ. ಕಟ್ಟೆಯ ವಾಲ್ವು ಸದಾ ಮುಚ್ಚಿರಲಿ. ಮಳೆನೀರು ನಿಂತಿತು ಅಂತ ತೆರೆದು ಹಾಗೇ ಮರೆತ ವಾಲ್ವಿನಿಂದಲೇ ಡೀಸೆಲ್ ಚರಂಡಿ ಸೇರುವುದು.

ಇನ್ನು ಎಲ್ಲರಿಗೂ ಸೇರಿದ ದೊಡ್ಡ ಚರಂಡಿ. ಮಳೆಗೆ ಮುಂಚೆ ಹೂಳು ತೆಗೆಸುತ್ತೀರಿ, ಒಳ್ಳೆಯದು. ತೆಗೆದ ಹೂಳನ್ನು ದಡದಲ್ಲೇ ಗುಡ್ಡೆ ಹಾಕಿ ಹೋಗುತ್ತಾರಲ್ಲ, ಮೊದಲ ಮಳೆಗೇ ಅದು ಮತ್ತೆ ಒಳಗೆ. ತೆಗೆದ ದಿನವೇ ಟ್ರ್ಯಾಕ್ಟರಿಗೆ ತುಂಬಿಸಿ ಕಳಿಸಿ, ಹೂಳು ಹೊರಟ ಮೇಲೆಯೇ ಗುತ್ತಿಗೆದಾರರ ಬಿಲ್ಲು ಪಾಸಾಗಲಿ. ಬಕೆಟ್ ಪರೀಕ್ಷೆಗೆ ಮೇ ಮೊದಲ ವಾರದಲ್ಲೊಂದು ಭಾನುವಾರ ಗೊತ್ತು ಮಾಡಿಕೊಳ್ಳಿ. ಅಕ್ಕಪಕ್ಕದ ಶೆಡ್ಡಿನವರನ್ನೂ ಕರೆಯಿರಿ. ನಿಮ್ಮ ಕೆಂಪು ನೀರು ಅವರ ಚರಂಡಿಯಲ್ಲಿ ಕಾಣಿಸಿಕೊಂಡರೂ ಕಾಣಿಸಿಕೊಂಡೀತು. ನಮಸ್ಕಾರ.